ಬಯಲಿಗೆ ಬಿದ್ದ ರಾಜ

ಚೆಸ್ ಕಲಿಯುವ ಮಕ್ಕಳಿಗೆ ಎಲ್ಲರೂ ಹೇಳುವ ಮಾತು ಒಂದೇ: ಬೇಗ ಕ್ಯಾಸಲಿಂಗ್ ಮಾಡು, ಅಂದರೆ ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಮೂಲೆಗೆ ಸೇರಿಸು. ಅದೇ ಮಗು ಮನೆಗೆ ಬಂದು ಮೊಬೈಲಿನಲ್ಲಿ ದೊಡ್ಡವರ ಆಟ ನೋಡುತ್ತದೆ. ರಾಜ ನಡುಬಯಲಲ್ಲಿ ನಿಂತಿದ್ದಾನೆ, ಪಕ್ಕದಲ್ಲಿ ಎಂಜಿನ್, ಅಂದರೆ ಆಟ ಅಳೆಯುವ ಕಂಪ್ಯೂಟರ್ ಪ್ರೋಗ್ರಾಂ, 0.00 ಅನ್ನುತ್ತಿದೆ. ಅಂದರೆ ಇಬ್ಬರೂ ಸಮ. ಹಾಗಾದರೆ ಯಾರ ಮಾತು ನಂಬಬೇಕು?

ಮೂಲದಲ್ಲಿ ಈ ಭಯ ಇಷ್ಟಿರಲಿಲ್ಲ. ಹಳೆಯ ಚದುರಂಗದಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. ಅಂಥವನು ಯಾರನ್ನು ಅಟ್ಟಿಸಿಕೊಂಡು ಹೋಗುತ್ತಾನೆ? 15ನೇ ಶತಮಾನದ ಕೊನೆಗೆ ಯುರೋಪಿನಲ್ಲಿ ಅವನ ಜಾಗಕ್ಕೆ ಎಲ್ಲ ದಿಕ್ಕಿಗೂ ಓಡುವ ರಾಣಿ ಬಂದಳು. ರಾಜ ಅಡಗಲು ಜಾಗ ಹುಡುಕಿದ್ದು ಆಮೇಲೆ. ಕ್ಯಾಸಲಿಂಗ್ ಈಗಿನ ರೂಪಕ್ಕೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ನಮ್ಮ ಕಡೆಯ ಹಳೆಯ ಆಟದಲ್ಲಿ ಇದಕ್ಕೆ ಬೇರೆ ಉಪಾಯವಿತ್ತು: ಇನ್ನೂ ಚೆಕ್ (ರಾಜನ ಮೇಲೆ ನೇರ ದಾಳಿ) ಬೀಳದ ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು.

19ನೇ ಶತಮಾನ ರಾಜನನ್ನು ಅಟ್ಟಾಡಿಸುವ ಬೇಟೆಗಾರರ ಕಾಲ. ಎದುರಾಳಿ ಕಾಯಿ ಬಲಿ ಕೊಟ್ಟರೆ ತೆಗೆದುಕೊಳ್ಳಬೇಕು, ಬೇಡ ಅಂದರೆ ಸ್ವಲ್ಪ ಹೇಡಿತನ. ಆ ಗುಂಗು ಮುಂದೆಯೂ ಉಳಿಯಿತು. 1912ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಲಾಸ್ಕರ್, ಜಾರ್ಜ್ ಥಾಮಸ್ ಎದುರು 11ನೇ ನಡೆಗೇ ರಾಣಿಯನ್ನು ಕೊಟ್ಟರು. ಕಪ್ಪು ರಾಜ ಹಲಗೆಯ ಆ ತುದಿಯಿಂದ ಈ ತುದಿವರೆಗೆ ನಡೆದು ಬಂದ. ಲಾಸ್ಕರ್ ತಮ್ಮ ರಾಜನನ್ನೇ ಒಂದು ಮನೆ ಸರಿಸಿ, ಹಿಂದಿದ್ದ ಆನೆಗೆ ದಾರಿ ಬಿಟ್ಟು ಚೆಕ್‌ಮೇಟ್ ಕೊಟ್ಟರು. ಒಟ್ಟು 18 ನಡೆ. ಈ ಆಟ ಎಷ್ಟು ಸಲ ಅಚ್ಚಾಗಿದೆಯೋ! ರಾಜ ಬಯಲಿಗೆ ಬಿದ್ದೂ ಬದುಕಿದ ಆಟಗಳು ಮಾತ್ರ ಅಷ್ಟು ಅಚ್ಚಾಗುವುದಿಲ್ಲ.

ಈ ಬೇಟೆಯ ಸಂಭ್ರಮದ ನಡುವೆಯೇ ಬೇರೆ ದನಿ ತೆಗೆದವರು ವಿಲ್ಹೆಲ್ಮ್ ಸ್ಟೈನಿಟ್ಸ್. ಪ್ರಾಗ್‌ನಲ್ಲಿ ಹುಟ್ಟಿದವರು, 1886ರಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್ ಆದವರು. ಅವರದೇ ಹೆಸರಿನ ಗ್ಯಾಂಬಿಟ್ (ಶುರುವಿನಲ್ಲೇ ಕಾಯಿ ಬಲಿ ಕೊಡುವ ಆಟದ ಕ್ರಮ) ನೋಡಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ನಾಲ್ಕನೇ ನಡೆಗೆ ಎದುರಾಳಿ ರಾಣಿ ಬಂದು ಚೆಕ್ ಕೊಡುತ್ತಾಳೆ. ಐದನೇ ನಡೆಗೆ ಬಿಳಿ ರಾಜ ಒಂದು ಮನೆ ಮುಂದೆ ಬರುತ್ತಾನೆ. ರಾಜ ಒಮ್ಮೆ ಕದಲಿದರೆ ಕ್ಯಾಸಲಿಂಗ್ ಇಲ್ಲ, ಆ ಕಥೆ ಅಲ್ಲಿಗೆ ಮುಗಿಯಿತು. ಅವರ ಲೆಕ್ಕ ಸರಳ: ಮುಂದೆ ಬಂದ ರಾಣಿಯನ್ನು ಓಡಿಸುತ್ತಾ ನನ್ನ ಕಾಯಿಗಳು ಹೊರಬರುತ್ತವೆ, ಕಾಯಿಗಳು ಕಡಿಮೆಯಾದ ಮೇಲೆ ನಡುವೆ ನಿಂತ ರಾಜನೇ ನನಗೆ ಬಲ. ಎದುರಾಳಿ ತಪ್ಪು ಮಾಡದೆ ದಾಳಿ ಸುಮ್ನೆ ಗೆಲ್ಲುವುದಿಲ್ಲ ಅನ್ನುವುದು ಅವರ ವಾದದ ತಿರುಳು.

ಈ ಹಠಕ್ಕೆ ಅವರು ದಂಡವನ್ನೂ ತೆತ್ತರು. 1890-91ರಲ್ಲಿ ರಷ್ಯಾದ ಆಟಗಾರ ಚಿಗೋರಿನ್ ಜೊತೆ ಟೆಲಿಗ್ರಾಫ್ ತಂತಿಯ ಮೂಲಕ ಎರಡು ಆಟ ಆಡಿದರು. ವಿಚಿತ್ರ ರಕ್ಷಣೆಗಳನ್ನು ಪಟ್ಟುಹಿಡಿದು ಸಮರ್ಥಿಸಿಕೊಂಡರು, ಎರಡನ್ನೂ ಸೋತರು. ಆದರೆ ಅದೇ ಸ್ಟೈನಿಟ್ಸ್ 1895ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್‌ ಟೂರ್ನಿಯಲ್ಲಿ ಏನು ಮಾಡಿದರು? ಕ್ಯಾಸಲಿಂಗ್ ಮಾಡಲಾಗದೆ ನಡುವೆ ಸಿಕ್ಕಿಕೊಂಡಿದ್ದ ಫಾನ್ ಬಾರ್ಡೆಲೆಬೆನ್ ಅವರ ರಾಜನ ಪಕ್ಕದ ಮನೆಗೇ ಆನೆಯನ್ನು ನುಗ್ಗಿಸಿದರು. ರಾಣಿ ಅದನ್ನು ಹೊಡೆದರೂ ಸೋಲು, ರಾಜ ಹೊಡೆದರೂ ಸೋಲು. ಬಾರ್ಡೆಲೆಬೆನ್ ಸೋಲೊಪ್ಪದೆ ಸಭಾಂಗಣದಿಂದ ಎದ್ದು ಹೋದರು, ಗಡಿಯಾರ ಓಡುತ್ತಲೇ ಇತ್ತು. ಉಳಿದ ಹತ್ತು ನಡೆಗಳ ಮೇಟನ್ನು ಸ್ಟೈನಿಟ್ಸ್ ಅಲ್ಲಿದ್ದವರಿಗೆ ತೋರಿಸಿದರು. ರಾಜ ಧೈರ್ಯವಾಗಿ ನಿಲ್ಲಬಲ್ಲ ಎಂದು ಜೀವನವಿಡೀ ವಾದಿಸಿದವರು ಜನರ ನೆನಪಿನಲ್ಲಿ ಉಳಿದಿದ್ದು ನಿಂತ ರಾಜನನ್ನು ಬೇಟೆಯಾಡಿ. ತಮಾಷೆ ಅಲ್ವಾ?

ಮುಂದಿನ ನೂರು ವರ್ಷದಲ್ಲಿ ಎರಡೂ ಪಾಠ ಬೆರೆತುಹೋದವು. ಸೋವಿಯತ್ ಆಟಗಾರ ಪೆಟ್ರೋಸಿಯಾನ್ 1960ರಲ್ಲಿ ಜರ್ಮನಿಯ ಉನ್ಸಿಕರ್ ಎದುರು ರಾಜನನ್ನು ನಿಧಾನವಾಗಿ ಹಲಗೆಯ ಆಚೆ ಬದಿಗೆ ನಡೆಸಿಕೊಂಡು ಹೋಗಿ, ಆಮೇಲೆ ಅವನು ಬಿಟ್ಟುಬಂದ ಕಡೆ ದಾಳಿ ಶುರು ಮಾಡಿದರು. 1991ರಲ್ಲಿ ನೆದರ್‌ಲೆಂಡ್ಸ್‌ನ ಟಿಲ್ಬರ್ಗ್‌ನಲ್ಲಿ ಇಂಗ್ಲೆಂಡಿನ ನೈಜೆಲ್ ಶಾರ್ಟ್ ಇನ್ನೂ ಮುಂದೆ ಹೋದರು. ರಾಣಿ, ಆನೆಗಳೆಲ್ಲ ಹಲಗೆಯ ಮೇಲಿರುವಾಗಲೇ ರಾಜ ಒಂದೊಂದೇ ಮನೆ ದಾಟಿ ಹಲಗೆಯ ಐದನೇ ಸಾಲಿನ ಜಿ5 ಮನೆ ತಲುಪಿದ. ಎದುರಾಳಿ ಟಿಮ್ಮನ್ ಸೋಲೊಪ್ಪಿಕೊಂಡರು.

ಎಂಜಿನ್‌ಗಳು ಬಂದ ಮೇಲೆ ಹಳೆಯ ಬೇಟೆಗಳನ್ನು ಮತ್ತೆ ತೆರೆದು ನೋಡುವುದು ಜಾಸ್ತಿಯಾಯಿತು. ಎಂಜಿನ್‌ಗೆ ಗಾಬರಿಯಿಲ್ಲ. ಯಾವ ಚೆಕ್ ನಿಜವಾಗಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂದು ಲೆಕ್ಕ ಹಾಕುತ್ತದೆ. ಸಿಕ್ಕ ಕಾಯಿಯನ್ನು ವಾಪಸ್ ಕೊಟ್ಟು ರಾಣಿಗಳನ್ನು ಹಲಗೆಯಿಂದ ಇಳಿಸುತ್ತದೆ. ಶತ್ರುವಿನ ಕಾಯಿ ಕಡಿಮೆ ಇರುವ ಕಡೆಗೆ ರಾಜನನ್ನು ಓಡಿಸುತ್ತದೆ, ಅದು ಮೂಲೆಯೇ ಆಗಬೇಕೆಂದಿಲ್ಲ. ಮನುಷ್ಯ ಮಾತ್ರ ಆಸೆಗೋ ಭಯಕ್ಕೋ ಸಿಕ್ಕ ಕಾಯಿಯನ್ನು ಬಿಡಲೊಲ್ಲ.

1999ರ ಜನವರಿ, ನೆದರ್‌ಲೆಂಡ್ಸ್‌ನ ವೈಕ್ ಆನ್ ಜೀ ಟೂರ್ನಿ. 24ನೇ ನಡೆಗೆ ರಷ್ಯಾದ ಕಾಸ್ಪರೋವ್ ಆನೆಯನ್ನು ಬಲಿ ಕೊಟ್ಟರು, ಎದುರಾಳಿ ಟೋಪಲೋವ್ ಅದನ್ನು ಹೊಡೆದರು. ಕಪ್ಪು ರಾಜ ಎದುರಾಳಿಯ ಮೊದಲ ಸಾಲಿನವರೆಗೆ ಅಲೆದ, 44ನೇ ನಡೆಗೆ ಆಟ ಮುಗಿಯಿತು. ಅದೊಂದು ಅದ್ಭುತ, ಎರಡು ಮಾತಿಲ್ಲ. ಆದರೆ ಆ ಆನೆಯನ್ನು ಮುಟ್ಟದೆ ರಾಜ ಎ7ರಿಂದ ಬಿ6ಕ್ಕೆ, ಬರೀ ಒಂದು ಮನೆ, ಸರಿದಿದ್ದರೆ ಕಪ್ಪಿಗೆ ಏನೂ ತೊಂದರೆಯಿರಲಿಲ್ಲ.