ಚೀಟಿಯಲ್ಲಿ 3,524, ಬಿಲ್ಲಿನಲ್ಲಿ 3,525: ಪ್ರೋಗ್ರಾಂ ಊರು ಬದಲಿಸಿದಾಗ ಆಗುವುದೇನು?

2018ರಲ್ಲಿ ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಯೊಬ್ಬರಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. 50 ಕೆ.ಜಿ. ಚೆರ್ರಿ ಮೂಟೆಗೆ ಬೀಜ ಎಷ್ಟು ಬಂತು ಅನ್ನುವ ಔಟ್‌ಟರ್ನ್ ಹಾಕಿದರೆ ದುಡ್ಡೆಷ್ಟು ಅಂತ ಹೇಳಬೇಕು, ಅಷ್ಟೇ ಕೆಲಸ. ಕಣದ ಚೀಟಿ ನನ್ನ ಲ್ಯಾಪ್‌ಟಾಪಿನಿಂದ, ತಿಂಗಳ ಬಿಲ್ಲು ಬಾಡಿಗೆ ಸರ್ವರಿನಿಂದ. ಒಂದು ದಿನ ಎಸ್ಟೇಟ್ ರೈಟರ್ ಎರಡನ್ನೂ ಟೇಬಲ್ ಮೇಲಿಟ್ಟು, "ತಾಳೆ ಆಗ್ತಿಲ್ವಲ್ಲ ಸಾರ್" ಅಂದರು. 26.5 ಕಿಲೋ, ಕಿಲೋಗೆ 133 ರೂಪಾಯಿ. ಲೆಕ್ಕ 3,524 ರೂಪಾಯಿ 50 ಪೈಸೆ. ಚೀಟಿಯಲ್ಲಿ 3,524 ಇತ್ತು, ಬಿಲ್ಲಿನಲ್ಲಿ 3,525.

ಕೋಡ್ ಒಂದೇ, ಒಂದಕ್ಷರ ವ್ಯತ್ಯಾಸ ಇರಲಿಲ್ಲ. ಬರೆದದ್ದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಲ್ಯಾಪ್‌ಟಾಪಿನಲ್ಲಿದ್ದದ್ದು ಪೈಥಾನ್ 3, ಸರ್ವರಿನಲ್ಲಿ ಪೈಥಾನ್ ಅಂತ ಕರೆದರೆ ಎದ್ದು ಬರುತ್ತಿದ್ದದ್ದು ಹಳೇ ಪೈಥಾನ್ 2. ಪೈಸೆ ಬಿಟ್ಟು ಇಡೀ ರೂಪಾಯಿಗೆ ತರುವಾಗ ಸರಿಯಾಗಿ ಅರ್ಧ ಬಂದರೆ ಹಳೆಯದು ಮೇಲಿನ ಅಂಕಿಗೆ ಏರಿಸುತ್ತದೆ, ಹೊಸದು ಹತ್ತಿರದ ಸಮಸಂಖ್ಯೆಗೆ ತಿರುಗಿಸುತ್ತದೆ. ದರ 131 ಇದ್ದರೆ ಮೊತ್ತ 3,471.50, ಆಗ ಎರಡೂ 3,472 ಅನ್ನುತ್ತವೆ! ಹಾಗಾಗಿ ತಪ್ಪು ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಾಯ. ಎರಡು ರಾತ್ರಿ ಹಾಳಾದವು.

"ನನ್ನಲ್ಲಿ ಸರಿಯಾಗೇ ಓಡ್ತಿದೆಯಲ್ಲ" ಅನ್ನುವ ಈ ಮಾತು ಹಳೆಯದು. ಪ್ರೋಗ್ರಾಂ ಯಾವತ್ತೂ ಒಂಟಿಯಾಗಿ ಓಡುವುದಿಲ್ಲ, ಬೇರೆಯವರು ಬರೆದ ಹತ್ತಾರು ಲೈಬ್ರರಿಗಳ, ಅಂದರೆ ಸಿದ್ಧ ಕೋಡಿನ ಕಟ್ಟುಗಳ ಮೇಲೆ ನಿಂತಿರುತ್ತದೆ. 90ರ ದಶಕದ ವಿಂಡೋಸ್ ಕಂಡವರಿಗೆ ಗೊತ್ತು, ಹೊಸ ಸಾಫ್ಟ್‌ವೇರ್ ಹಾಕಿದರೆ ಅದು ಎಲ್ಲರೂ ಹಂಚಿಕೊಂಡಿದ್ದ ಡಿಎಲ್ಎಲ್ ಅನ್ನುವ ಲೈಬ್ರರಿ ಫೈಲಿನ ಮೇಲೆ ತನ್ನದನ್ನು ಕೂರಿಸಿ ಹಳೆಯದನ್ನು ಕೆಡಿಸುತ್ತಿತ್ತು. ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಕಡೆ, ಅದರದೊಂದು ಬಗೆಯಾದ ಡೆಬಿಯನ್‌ನವರು 1999ರ ಹೊತ್ತಿಗೆ ಆಪ್ಟ್ ಅನ್ನುವ ಸಾಧನ ತಂದರು. ಒಂದನ್ನು ಕೇಳಿದರೆ ಅದಕ್ಕೆ ಬೇಕಾದ್ದನ್ನೆಲ್ಲ ಅದೇ ಹುಡುಕಿ ತರುತ್ತದೆ. ಆದರೆ ಇಡೀ ಯಂತ್ರಕ್ಕೆ ಸಾಮಾನ್ಯವಾಗಿ ಒಂದೇ ಆವೃತ್ತಿ. ಎರಡು ಪ್ರಾಜೆಕ್ಟಿಗೆ ಎರಡು ಬೇಕಾದರೆ? ಜಗಳ.

ಪೈಥಾನ್‌ನಲ್ಲಿ ಇದಕ್ಕೆ 2007ರಲ್ಲಿ ವರ್ಚುವಲ್‌ಎನ್ವ್ ಬಂತು, ಮರುವರ್ಷ ಲೈಬ್ರರಿ ತರಿಸುವ ಪಿಪ್. ಮೊದಲನೆಯದು ಪ್ರತಿ ಪ್ರಾಜೆಕ್ಟಿಗೂ ಬೇರೆ ಅಡುಗೆಮನೆ ಅಂದುಕೊಳ್ಳಿ. ಏನೇನು ಬೇಕು ಅಂತ ಪಟ್ಟಿ ಬರೆದಿಟ್ಟರೆ ಇನ್ನೊಬ್ಬರೂ ಅದನ್ನೇ ತರಿಸಿಕೊಳ್ಳಬಹುದು. ನಾನೂ ಪಟ್ಟಿ ಬರೆದಿದ್ದೆ, ಆದರೆ ಪಟ್ಟಿಯಲ್ಲಿ ಲೈಬ್ರರಿಗಳಿದ್ದವೇ ಹೊರತು ಪೈಥಾನ್ ಯಾವುದು ಅಂತ ಇರಲಿಲ್ಲ. ತಪ್ಪು ನನ್ನದೇ, ಬಿಡಿ.

ಪಟ್ಟಿಯಲ್ಲಿ ಹೆಸರಷ್ಟೇ ಇದ್ದರೆ ಇವತ್ತು ಬಂದದ್ದು ನಾಳೆ ಬರುವುದಿಲ್ಲ. ಅದಕ್ಕೇ ನಿಖರ ಆವೃತ್ತಿ ಬರೆದಿಡುವ ಲಾಕ್ ಫೈಲುಗಳು ಬಂದವು. ಅದೂ ಸಾಲದು ಅಂತ 2016ರ ಮಾರ್ಚ್‌ನಲ್ಲಿ ಗೊತ್ತಾಯಿತು. ಎನ್‌ಪಿಎಂ ಅನ್ನುವ ಜಾವಾಸ್ಕ್ರಿಪ್ಟ್ ಕೋಡಿನ ಉಗ್ರಾಣದಲ್ಲಿದ್ದ ಲೆಫ್ಟ್‌ಪ್ಯಾಡ್ ಅನ್ನುವ 11 ಸಾಲಿನ ಕೋಡನ್ನು ಬರೆದವರೇ ಹಿಂದಕ್ಕೆ ತೆಗೆದುಕೊಂಡರು. ಹೆಸರಿನ ತಕರಾರಿನಲ್ಲಿ ಸಿಟ್ಟಾಗಿದ್ದರು. ಜಗತ್ತಿನಾದ್ಯಂತ ಬಿಲ್ಡ್‌ಗಳು, ಅಂದರೆ ಪ್ರೋಗ್ರಾಂ ಕಟ್ಟುವ ಕೆಲಸಗಳು, ನಿಂತವು, ಅದನ್ನು ವಾಪಸ್ ಹಾಕುವ ತನಕ. ಪದದ ಎಡಕ್ಕೆ ಸೊನ್ನೆಯೋ ಖಾಲಿ ಜಾಗವೋ ಸೇರಿಸುವ ಕೋಡ್ ಅದು!

ಇನ್ನು ಡಾಕರ್. ನಮ್ಮ ಕಡೆ ಕಾಫಿ ಸಸಿಯನ್ನು ನರ್ಸರಿಯಿಂದ ಬರಿ ಬೇರಿನಲ್ಲಿ ಕಿತ್ತು ತರುವುದಕ್ಕೂ, ಕವರ್‌ನಲ್ಲಿ ಬೆಳೆಸಿ ಮಣ್ಣಿನ ಮುದ್ದೆ ಒಡೆಯದ ಹಾಗೆ ಜೂನ್ ಮಳೆಗೆ ಗುಂಡಿಗೆ ಇಳಿಸುವುದಕ್ಕೂ ಎಷ್ಟು ವ್ಯತ್ಯಾಸ ಅಂತ ತೋಟದವರನ್ನು ಕೇಳಿ. 2013ರಲ್ಲಿ ಡಾಕರ್ ಮಾಡಿದ್ದು ಇದನ್ನೇ: ಕೋಡ್, ಲೈಬ್ರರಿ, ಪೈಥಾನ್, ಕೆಳಗಿನ ಸಿಸ್ಟಂ ಫೈಲುಗಳು, ಎಲ್ಲ ಒಂದೇ ಮುದ್ದೆಯಾಗಿ ಸರ್ವರಿಗೆ. ಆ ಮುದ್ದೆಗೆ ಇಮೇಜ್ ಅಂತಾರೆ, ಅದು ಓಡುವಾಗ ಕಂಟೈನರ್. ಒಳಗಿನ ವಿದ್ಯೆ ಹೊಸದೇನಲ್ಲ. ಪ್ರೋಗ್ರಾಮನ್ನು ಒಂದು ಫೋಲ್ಡರಿನೊಳಗೆ ಕೂಡಿಹಾಕುವ ಸಿರೂಟ್ 1979ರದು, ಮೆಮೊರಿ ಸಿಪಿಯುಗೆ ಮಿತಿ ಹಾಕುವ ಸಿಗ್ರೂಪ್ಸ್ ಲಿನಕ್ಸಿಗೆ 2008ರಲ್ಲಿ ಸೇರಿತು. ಇವನ್ನು ಸಾಮಾನ್ಯರ ಕೈಗೆಟುಕುವ ಹಾಗೆ ಮಾಡಿದ್ದೇ ಡಾಕರ್‌ನ ಗೆಲುವು, ಅದಕ್ಕೇ ಎಲ್ಲರೂ ಮುಗಿಬಿದ್ದರು.

ಆದರೆ ಮಣ್ಣಿನ ಜೊತೆ ಬೇರಿಗೆ ಹತ್ತಿದ ಹುಳವೂ ಬರುತ್ತದಲ್ವಾ? 2021ರ ಡಿಸೆಂಬರ್‌ನಲ್ಲಿ ಜಾವಾ ಭಾಷೆಯ ಲಾಗ್‌ಫೋರ್‌ಜೆ ಅನ್ನುವ ಲೈಬ್ರರಿಯಲ್ಲಿ ದೊಡ್ಡ ಭದ್ರತಾ ತೂತು ಸಿಕ್ಕಿದಾಗ, ಅದು ತಮ್ಮ ಯಾವ ಮುದ್ದೆಯೊಳಗೆ ಕೂತಿದೆ ಅಂತ ಕಂಪನಿಗಳು ಹುಡುಕಿ ಹುಡುಕಿ ಸುಸ್ತಾದವು.

ನನ್ನ ಕಾಫಿ ಲೆಕ್ಕವೂ ಈಗ ಕಂಟೈನರಿನಲ್ಲೇ ಇದೆ. 26.5 ಗುಣಿಸು 133 ಅನ್ನುವುದು ಅದರ ಮೊದಲ ಟೆಸ್ಟ್, ಸರ್ವರಿಗೆ ಹಾಕುವ ಮುಂಚೆ ಅದು ಪಾಸಾಗಲೇಬೇಕು. ಹಾಸನದ ಗೆಳೆಯನೂ ಇದರಲ್ಲಿ ಕೈ ಜೋಡಿಸಿದ್ದಾನೆ. ಅವನದು ಎಂ1 ಚಿಪ್ಪಿನ ಆಪಲ್ ಲ್ಯಾಪ್‌ಟಾಪ್, ಎಆರ್‌ಎಂ ಜಾತಿಯದು. ನಮ್ಮ ಸರ್ವರ್ ಇಂಟೆಲ್. ಎರಡು ಚಿಪ್ಪಿಗೂ ಅರ್ಥವಾಗುವ ಆದೇಶ ಬೇರೆ ಬೇರೆ. ಅವನು ಕಟ್ಟಿ ಕಳಿಸಿದ ಮೊದಲ ಇಮೇಜ್ ಸರ್ವರಿನಲ್ಲಿ ಒಂದೇ ಸಾಲು ಹೇಳಿ ಸತ್ತಿತು: ಎಕ್ಸೆಕ್ ಫಾರ್ಮ್ಯಾಟ್ ಎರರ್. ಫೋನ್ ಮಾಡಿದೆ. "ಹೌದಾ ಮಾರಾಯ? ನನ್ನಲ್ಲಿ ಸರಿಯಾಗೇ ಓಡ್ತಿದೆಯಲ್ಲ" ಅಂದ.