ನೈಟ್ ಡ್ಯೂಟಿಯವರ ಫಾಸ್ಟಿಂಗ್ ಶುಗರ್

ಆಸ್ಪತ್ರೆಯಲ್ಲೇ ಕೆಲಸ ಮಾಡುವವರ ಬಿಪಿ, ಶುಗರ್ ಎಷ್ಟೋ ಸಲ ತಡವಾಗಿ ಗೊತ್ತಾಗುತ್ತದೆ. ಎಲ್ಲವೂ ಕೈಗೆ ಸಿಗುವಷ್ಟು ಹತ್ತಿರ ಇರುವುದೇ ಇದಕ್ಕೆ ಒಂದು ಕಾರಣ. ಗ್ಲೂಕೋಮೀಟರ್ ನರ್ಸಿಂಗ್ ಸ್ಟೇಷನ್ನಿನ ಡ್ರಾಯರಿನಲ್ಲಿರುತ್ತದೆ, ಡಾಕ್ಟರು ಲಿಫ್ಟಿನ ಹತ್ತಿರ ಸಿಗುತ್ತಾರೆ. "ಸರ್, ನಿನ್ನೆ ಬಿಪಿ ಸ್ವಲ್ಪ ಜಾಸ್ತಿ ಇತ್ತು, ಏನ್ ತಗೊಳ್ಲಿ?" ಅಂತ ಸಿಸ್ಟರ್ ಕೇಳುತ್ತಾರೆ. ನಾವೂ ನಡೆಯುತ್ತಲೇ ಒಂದು ಮಾತ್ರೆಯ ಹೆಸರು ಹೇಳುತ್ತೇವೆ. ಓಪಿಡಿ ಚೀಟಿ ಇಲ್ಲ, ಫೈಲ್ ಇಲ್ಲ, ತಿಂಗಳು ಬಿಟ್ಟು ಮತ್ತೆ ಬನ್ನಿ ಅನ್ನುವವರಿಲ್ಲ.

ಪರೀಕ್ಷೆ ಮಾಡಿಸಿಕೊಂಡರೂ ಹೊತ್ತು ತಪ್ಪುತ್ತದೆ. ನೈಟ್ ಡ್ಯೂಟಿ ಮುಗಿಸಿ, ಹೇಗೂ ಇಲ್ಲೇ ಇದ್ದೀನಲ್ಲ ಅಂತ ಬೆಳಿಗ್ಗೆ ಏಳಕ್ಕೆ ರಕ್ತ ಕೊಟ್ಟು ಹೋಗುತ್ತಾರೆ. ಎರಡು ಗಂಟೆಗೆ ಸಕ್ಕರೆ ಹಾಕಿದ ಟೀ, ಜೊತೆಗೆ ಎರಡು ಬಿಸ್ಕತ್ತು ಆಗಿರುತ್ತದೆ. ಫಾಸ್ಟಿಂಗ್ ಶುಗರ್‌ಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು ಎಂಬ ನಿಯಮ ಅಲ್ಲಿಗೇ ಮುರಿಯಿತು. ಏನೂ ತಿನ್ನದಿದ್ದರೂ ನಿದ್ದೆಗೆಟ್ಟ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಬಿಪಿಯೂ ಅಷ್ಟೆ: ನಿದ್ದೆಯಲ್ಲಿ ಅದು ಶೇ. 10ರಿಂದ 20ರಷ್ಟು ಇಳಿಯಬೇಕು, ಎಚ್ಚರವಿದ್ದವರಿಗೆ ಇಳಿಯುವುದೆಲ್ಲಿ?

ಹಾಗಾಗಿ ನಾನು ಹೇಳುವುದು, ಎರಡು ರಾತ್ರಿ ನೆಟ್ಟಗೆ ಮಲಗಿ ಎದ್ದ ಮೇಲೆ ರಕ್ತ ಕೊಡಿ. ಫಾಸ್ಟಿಂಗ್ ಶುಗರ್ 126 (ಮಿ.ಗ್ರಾಂ/ಡೆ.ಲೀ.) ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್ನೊಂದು ದಿನ ಮತ್ತೆ ನೋಡಿ ಖಚಿತ ಮಾಡಿಕೊಳ್ಳಬೇಕು. ಇದು ಆಗದಿದ್ದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಅದಕ್ಕೆ ಉಪವಾಸ ಬೇಡ. ಶೇ. 5.7ರಿಂದ 6.4 ಮಧುಮೇಹದ ಹೊಸ್ತಿಲು, 6.5 ಮತ್ತು ಮೇಲೆ ಮಧುಮೇಹ. ಜೊತೆಗೆ ಹಿಮೋಗ್ಲೋಬಿನ್ ಕೂಡ ನೋಡಿಸಿ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ನಮ್ಮ ಸಿಸ್ಟರುಗಳಲ್ಲಿ, ಆಯಾಗಳಲ್ಲಿ ಆ ಕೊರತೆ ಅಪರೂಪವೇನಲ್ಲ.

ಇನ್ನು ಊಟ. ರಾತ್ರಿ ನಿದ್ದೆಯ ಹಾರ್ಮೋನ್ ಮೆಲಟೋನಿನ್ ಏರಿದಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವುದನ್ನು ತಗ್ಗಿಸುತ್ತದೆ. ಮಧ್ಯಾಹ್ನ ಒಂದಕ್ಕೆ ತಿಂದ ಚಿತ್ರಾನ್ನವೂ ರಾತ್ರಿ ಎರಡಕ್ಕೆ ತಿಂದ ಚಿತ್ರಾನ್ನವೂ ರಕ್ತದಲ್ಲಿ ಒಂದೇ ಲೆಕ್ಕ ಕೊಡುವುದಿಲ್ಲ. 2021ರಲ್ಲಿ ಪ್ರಕಟವಾದ ಅಮೆರಿಕದ ಸಣ್ಣ ಪ್ರಯೋಗವೊಂದರಲ್ಲಿ ಜನರನ್ನು ಲ್ಯಾಬಿನಲ್ಲಿ ರಾತ್ರಿ ಪಾಳಿಯಂತೆ ಎಚ್ಚರವಿರಿಸಿದರು. ರಾತ್ರಿಯೂ ಉಂಡವರ ಶುಗರ್ ಏರಿತು, ಹಗಲಲ್ಲಿ ಮಾತ್ರ ಉಂಡವರದು ಏರಲಿಲ್ಲ. ಡ್ಯೂಟಿಗೆ ಹೊರಡುವ ಮೊದಲೇ ಊಟ ಮುಗಿಸಿ. ನಡುವೆ ಹಸಿವಾದರೆ ಮಜ್ಜಿಗೆ, ಬೇಯಿಸಿದ ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಸಾಕು. ಡಿಸ್ಚಾರ್ಜ್ ಆದವರ ಕಡೆಯವರು ಖುಷಿಯಿಂದ ಕೊಟ್ಟ ಮೈಸೂರು ಪಾಕಿನ ಡಬ್ಬಿ ಕೌಂಟರಿನ ಮೇಲೇ ಇರುತ್ತದೆ. ಮೂರು ಗಂಟೆಗೆ ಕಣ್ಣು ಎಳೆಯುವಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಅದನ್ನು ಹಗಲಿನವರಿಗೆ ದಾಟಿಸಿಬಿಡಿ. ಆದರೆ ಈಗಾಗಲೇ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯಲ್ಲಿರುವವರು ವೈದ್ಯರನ್ನು ಕೇಳದೆ ರಾತ್ರಿ ಊಟ ಬಿಡಬಾರದು, ಶುಗರ್ ದಿಢೀರನೆ ಇಳಿದೀತು.

ಇಷ್ಟಾದರೂ ಎಲ್ಲ ಹೊಣೆಯನ್ನು ಸಿಸ್ಟರ್ ಮೇಲೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ಸುಮಾರು 1.77 ಲಕ್ಷ ನರ್ಸುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 2011ರಲ್ಲಿ ಹೊರಬಂತು. ಸರದಿ ರಾತ್ರಿ ಪಾಳಿಯ ವರ್ಷಗಳು ಹೆಚ್ಚಿದಂತೆ ಟೈಪ್ 2 ಮಧುಮೇಹದ ಅಪಾಯವೂ ಹೆಚ್ಚಿತ್ತು, ಅದರಲ್ಲಿ ಒಂದು ಪಾಲು ತೂಕ ಏರಿದ್ದರಿಂದ. ಅಂದರೆ ರೋಸ್ಟರ್ ಕೂಡ ಒಂದು ರಿಸ್ಕ್. ಮಧ್ಯಾಹ್ನದ ಪಾಳಿ ಮುಗಿಸಿ ರಾತ್ರಿ ಹತ್ತಕ್ಕೆ ಮನೆ ಸೇರಿದವರನ್ನು ಮರುದಿನ ಬೆಳಿಗ್ಗೆ ಏಳಕ್ಕೆ ಕರೆಸಿ, ವಾಕಿಂಗ್ ಮಾಡಿ ಅಂತ ಸಲಹೆ ಕೊಟ್ಟರೆ ಏನು ಬಂತು? ನವೆಂಬರ್ 14ರ ಮಧುಮೇಹ ದಿನದ ಉಚಿತ ಶಿಬಿರಕ್ಕೂ ರಾತ್ರಿ ಡ್ಯೂಟಿ ಮುಗಿಸಿದವರನ್ನೇ ಕೂರಿಸುವುದುಂಟು.

ಕೆಲಸಕ್ಕೆ ಸೇರುವಾಗ ಮಾಡಿಸಿದ ಮೆಡಿಕಲ್ ಫೈಲನ್ನು ಆಮೇಲೆ ಬಿಚ್ಚಿ ನೋಡುವವರು ಕಡಿಮೆ. ವರ್ಷಕ್ಕೊಂದು ತಪಾಸಣೆಯನ್ನು ರೋಸ್ಟರಿನಲ್ಲೇ ಬರೆಯಬೇಕು, ವಾರದ ರಜೆಯ ಮರುದಿನ, ಡ್ಯೂಟಿ ಸಮಯದಲ್ಲೇ. ಗುತ್ತಿಗೆಯ ಡಿ ಗ್ರೂಪ್‌ನವರ ಹೆಸರೂ ಅದರಲ್ಲಿರಬೇಕು. ಒಂದು ದಿನ ಬಿಟ್ಟರೆ ಸಂಬಳ ಕತ್ತರಿಯಾಗುವವರು ರಜೆ ಹಾಕಿ ರಕ್ತ ಪರೀಕ್ಷೆಗೆ ಬರುವುದಿಲ್ಲ.