ಜೋಲಿ ಬಿಗಿದಷ್ಟೂ ನಿದ್ದೆ ದೂರ

ಮೊದಲ ಸಲ ಕ್ಯಾಂಪಿಂಗ್‌ಗೆ ಹೋದಾಗ ಹ್ಯಾಮಕ್, ಅಂದರೆ ಮಲಗುವ ಬಟ್ಟೆಯ ಜೋಲಿ, ಕಟ್ಟಿದ್ದು ನಾನೇ. ಹಾಸಿಗೆ ಅಂದಮೇಲೆ ಮಟ್ಟಸವಾಗಿ ಇರಬೇಕು, ಅಲ್ವಾ? ಹಾಗಂದುಕೊಂಡು ಎರಡು ಮರದ ನಡುವೆ ಹಗ್ಗವನ್ನು ಕೈಲಾದಷ್ಟು ಜಗ್ಗಿ ಬಿಗಿದೆ. ನೋಡಲು ಚೆನ್ನಾಗಿಯೇ ಇತ್ತು. ಮಲಗಿದ ಮೇಲೆ ಬಟ್ಟೆಯ ಎರಡೂ ಅಂಚು ಭುಜಗಳನ್ನು ಅಮುಕಿ ಹಿಡಿದವು. ಬೆನ್ನು ಬಾಳೆಹಣ್ಣಿನ ಹಾಗೆ ಬಾಗಿತು. ಮಗ್ಗುಲು ಬದಲಿಸಲು ಹೋಗಿ ಒಮ್ಮೆ ನೆಲಕ್ಕೂ ಬಿದ್ದೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಬೆನ್ನಡಿಯಿಂದ ಚಳಿ ಹೊಕ್ಕಿತು. ಆಮೇಲೆ ನಿದ್ದೆ ಎಲ್ಲಿಂದ ಬರಬೇಕು?

ಜೋಲಿಯನ್ನು ಬೈದುಕೊಂಡೇ ಗಂಟು ಬಿಚ್ಚಿದೆ. ತಪ್ಪು ಅದರದ್ದಲ್ಲ, ನನ್ನ ಜಗ್ಗಾಟದ್ದು ಅಂತ ಗೊತ್ತಾಗಿದ್ದು ಆಮೇಲೆ.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಗಟ್ಟಿ ದಾರದ ನಡುವೆ ನೀರು ತುಂಬಿದ ಬಾಟಲಿ ಕಟ್ಟಿ. ಎರಡೂ ತುದಿ ಹಿಡಿದು ದಾರವನ್ನು ನೇರ ಮಾಡಲು ಎಳೆಯಿರಿ. ಮೊದಮೊದಲು ಸುಲಭ. ದಾರ ನೇರವಾಗುತ್ತಾ ಬಂದ ಹಾಗೆ ತೋಳು ನಡುಗತೊಡಗುತ್ತದೆ. ಪೂರ್ತಿ ನೇರ ಮಾತ್ರ ಆಗುವುದೇ ಇಲ್ಲ. ಬಾಟಲಿಯನ್ನು ಎತ್ತಿ ಹಿಡಿಯಬೇಕಾದರೆ ದಾರದ ಎಳೆತದಲ್ಲಿ ಒಂದು ಪಾಲು ಮೇಲ್ಮುಖವಾಗಿ ಇರಲೇಬೇಕು. ದಾರ ಅಡ್ಡಡ್ಡ ಆದಷ್ಟೂ ಆ ಪಾಲು ಚಿಕ್ಕದಾಗುತ್ತದೆ. ಅದೇ ತೂಕ ಹೊರಲು ಒಟ್ಟು ಎಳೆತ ಏರುತ್ತಲೇ ಹೋಗಬೇಕಾಗುತ್ತದೆ.

ಬಾಟಲಿಯ ಜಾಗದಲ್ಲಿ 70 ಕಿಲೋ ತೂಕದ ಮನುಷ್ಯನನ್ನು ಇಡೋಣ. ಹಗ್ಗ ಅಡ್ಡಗೆರೆಯಿಂದ 30 ಡಿಗ್ರಿ ಇಳಿಜಾರಾಗಿದ್ದರೆ ಒಂದೊಂದು ಬದಿಯ ಹಗ್ಗದ ಮೇಲೂ 70 ಕಿಲೋ ಎಳೆತ. 10 ಡಿಗ್ರಿಗೆ ಇಳಿದರೆ ಸುಮಾರು 200 ಕಿಲೋ. 5 ಡಿಗ್ರಿಗೆ ಬಂದರೆ 400 ಕಿಲೋ! ಮಲಗಿದವನ ತೂಕ ಒಂದು ಗ್ರಾಂ ಕೂಡ ಜಾಸ್ತಿ ಆಗಿಲ್ಲ. ನಾನು ಅಷ್ಟು ಕಷ್ಟಪಟ್ಟು ಬಿಗಿದಿದ್ದು ಮರ, ಹಗ್ಗ, ನನ್ನ ಭುಜ ಮೂರಕ್ಕೂ ಶಿಕ್ಷೆ. ಹಗ್ಗದ ಬದಲು ಅಗಲದ ಪಟ್ಟಿ ಬಳಸಿ ಅನ್ನುವುದೂ ಇದಕ್ಕೇ. ಇಷ್ಟೊಂದು ಎಳೆತ ತೆಳ್ಳನೆಯ ಹಗ್ಗದಲ್ಲಿ ಬಂದರೆ ಅದು ತೊಗಟೆಯನ್ನು ಕೊರೆದುಬಿಡುತ್ತದೆ.

30 ಡಿಗ್ರಿ ಅಳೆಯಲು ಕೋನಮಾಪಕ ಬೇಕಿಲ್ಲ. ಹೆಬ್ಬೆರಳನ್ನು ನೆಟ್ಟಗೆ ಮೇಲಕ್ಕೆ, ತೋರುಬೆರಳನ್ನು ಅಡ್ಡಕ್ಕೆ ಚಾಚಿ ಪಟ್ಟಿಯ ಪಕ್ಕ ಹಿಡಿಯಿರಿ. ಪಟ್ಟಿಯು ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಇಳಿಯುವಂತೆ ಕಂಡರೆ ಸರಿಯಾಗಿದೆ. ಈಗ ಜೋಲಿ ಜೋತು ಬಿದ್ದಿರುತ್ತದೆ. ಇದರಲ್ಲಿ ಮಲಗಿದರೆ ಇನ್ನೂ ಬಾಗಿಹೋಗುತ್ತೇನೆ ಅನ್ನಿಸುವುದು ಸಹಜ. ಉದ್ದಕ್ಕೆ ಮಲಗಿದರೆ ಬಾಗುವುದು ನಿಜವೂ ಹೌದು.

ಉಪಾಯ ಇರುವುದು ಓರೆಯಾಗಿ ಮಲಗುವುದರಲ್ಲಿ. ತಲೆಯನ್ನು ನಡುಗೆರೆಯ ಒಂದು ಕಡೆಗೆ, ಕಾಲನ್ನು ಇನ್ನೊಂದು ಕಡೆಗೆ ಸರಿಸಿ. ಜೋಲಿಯ ಆಳವಾದ ಬಾಗು ಇರುವುದು ಉದ್ದಕ್ಕೆ. ದೇಹ ಅದನ್ನು ಅಡ್ಡ ಹಾಯ್ದಾಗ ಸಡಿಲವಾದ ಬಟ್ಟೆ ಎರಡೂ ಬದಿಗೆ ಹರಡಿಕೊಂಡು ಬೆನ್ನು ಹೆಚ್ಚುಕಮ್ಮಿ ಮಟ್ಟಸಕ್ಕೆ ಬರುತ್ತದೆ. ಬಿಗಿ ಜೋಲಿಯಲ್ಲಿ ಹೀಗೆ ಸರಿಯಲು ಬಟ್ಟೆಯೇ ಇರುವುದಿಲ್ಲ. ಇದೇನು ಹೊಸ ಸಂಶೋಧನೆಯಲ್ಲ. 1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳಿಗೆ ಹೋದಾಗ ಅಲ್ಲಿನ ಜನ ಜೋಲಿಯಲ್ಲೇ ಮಲಗುತ್ತಿದ್ದರು. ಮೆಕ್ಸಿಕೋದ ಯುಕಟಾನ್ ಭಾಗದ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಜೋಲಿಯೇ ಹಾಸಿಗೆ. ಅವರು ಮಲಗುವುದು ಓರೆಯಾಗಿಯೇ.

ಕಾಲಿನ ಕಡೆಯ ಪಟ್ಟಿಯನ್ನು ಒಂದು ಗೇಣಿನಷ್ಟು ಮೇಲೆ ಕಟ್ಟಿ. ದೇಹದ ಭಾರ ಹೆಚ್ಚಿರುವುದು ಮುಂಡದ ಕಡೆ. ಎರಡೂ ತುದಿ ಒಂದೇ ಎತ್ತರದಲ್ಲಿದ್ದರೆ ಆ ಭಾರ ನಡುವಿನ ತಗ್ಗಿಗೆ ಜಾರುತ್ತದೆ, ಕಾಲು ಬಟ್ಟೆ ಮುದುಡಿರುವ ತುದಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಮೊಣಕಾಲು ಹಿಂದಕ್ಕೆ ಸೆಟೆದು ನೋಯುತ್ತಿದ್ದರೆ ಅದರಡಿ ಒಂದು ಸ್ವೆಟರ್ ಸುತ್ತಿಟ್ಟರೆ ಸಾಕು.

ಇನ್ನು ಆ ನಾಲ್ಕು ಗಂಟೆಯ ಚಳಿ. ನಾನು ಒಳ್ಳೆಯ ಸ್ಲೀಪಿಂಗ್ ಬ್ಯಾಗಿನ ಒಳಗೇ ಮಲಗಿದ್ದೆ, ಆದರೂ ಬೆನ್ನು ಕೊರೆಯುತ್ತಿತ್ತು. ಯಾಕೆ? ಸ್ಲೀಪಿಂಗ್ ಬ್ಯಾಗಿನಲ್ಲಿ ಬೆಚ್ಚಗಿಡುವುದು ಹತ್ತಿ, ಪುಕ್ಕ, ನಾರುಗಳಲ್ಲ. ಅವುಗಳ ನಡುವೆ ಅಲುಗಾಡದೆ ನಿಂತ ಗಾಳಿ. ಬೆನ್ನಡಿಯ ಪದರವನ್ನು ನಮ್ಮದೇ ತೂಕ ಅಮುಕಿ ಗಾಳಿಯನ್ನೆಲ್ಲ ಹೊರಗೆ ಹಾಕಿಬಿಡುತ್ತದೆ. ಉಳಿಯುವುದು ತೆಳ್ಳನೆಯ ಬಟ್ಟೆ ಮಾತ್ರ. ಅದರ ಕೆಳಗೆ ರಾತ್ರಿಯಿಡೀ ಗಾಳಿ ಬೀಸುತ್ತಾ ಶಾಖ ಹೊತ್ತೊಯ್ಯುತ್ತಿರುತ್ತದೆ. ಇದರ ಜೊತೆಗೆ, ನಮ್ಮ ಮೈಯ ಒಳಗಿನ ಉಷ್ಣತೆ ದಿನದಲ್ಲೇ ಅತಿ ಕಡಿಮೆ ಇರುವುದು ಏಳುವುದಕ್ಕೆ ಒಂದೆರಡು ಗಂಟೆ ಮುಂಚೆ. ಹೊರಗೂ ತಂಪು, ಒಳಗೂ ತಂಪು. 20 ಡಿಗ್ರಿಯ ಹಿತವಾದ ರಾತ್ರಿಯಲ್ಲೂ ಜೋಲಿಯಲ್ಲಿ ನಡುಗುವವರಿದ್ದಾರೆ. ಇಲ್ಲೂ ಮದ್ದು ಸಡಿಲವೇ. ಹೊದಿಕೆಯನ್ನು ಜೋಲಿಯ ಹೊರಗೆ, ಕೆಳಗಡೆ, ಮೈಭಾರ ತಾಗದ ಹಾಗೆ ತೂಗುಹಾಕಬೇಕು. ಅಂಡರ್‌ಕ್ವಿಲ್ಟ್ ಅಂತ ಮಾರುವುದು ಇದನ್ನೇ. ಅದಿಲ್ಲದಿದ್ದರೆ ಬೆನ್ನಡಿ ಒಂದು ಫೋಮ್ ಮ್ಯಾಟ್ ಹಾಕಿಕೊಳ್ಳಿ. ಅದರ ಗುಳ್ಳೆಗಳು ಅಷ್ಟು ಸುಲಭಕ್ಕೆ ಚಪ್ಪಟೆಯಾಗುವುದಿಲ್ಲ.

ತೂಗಾಟದ ಬಗ್ಗೆ ಒಂದು ಮಾತು. ಜೋಲಿಯ ನಿದ್ದೆ ಗಾಢ ಅಂತ ವಿಜ್ಞಾನಿಗಳೇ ಹೇಳಿದ್ದಾರೆ ಎಂಬ ಸುದ್ದಿ ನೀವೂ ಓದಿರಬಹುದು. ಅದರ ಮೂಲ 2011ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ಅಧ್ಯಯನ. 12 ಗಂಡಸರನ್ನು ಹಗಲು 45 ನಿಮಿಷ ಮಲಗಿಸಿ ಹಾಸಿಗೆಯನ್ನು ಮೆಲ್ಲಗೆ ತೂಗಿದರು. ತೂಗಿದಾಗ ಬೇಗ ನಿದ್ದೆ ಬಂತು, ನಿದ್ದೆ ಆಳಕ್ಕೂ ಇಳಿಯಿತು. ಆಮೇಲೆ 2019ರಲ್ಲಿ ಇಡೀ ರಾತ್ರಿ ತೂಗಿ ನೋಡಿದಾಗಲೂ ಫಲ ಕಂಡಿತು. ಆದರೆ ಅದು ಯಂತ್ರ ತೂಗುವ ಮಂಚ, ಜೋಲಿ ಅಲ್ಲ! ಮಂಚ ನಾಲ್ಕು ಸೆಕೆಂಡಿಗೊಮ್ಮೆ, ನಿಲ್ಲದೆ ತೂಗುತ್ತಿತ್ತು. ಜೋಲಿಯಾದರೋ ಒಂದು ಲೋಲಕ. ಅದರ ವೇಗ ಮೈ ಎಷ್ಟು ಕೆಳಗೆ ತೂಗುತ್ತಿದೆ ಅನ್ನುವುದರ ಮೇಲೆ ನಿಂತಿದೆ. ಒಂದು ಮೀಟರ್ ಕೆಳಗಿದ್ದರೆ ಒಂದು ತೂಗಿಗೆ ಸುಮಾರು ಎರಡು ಸೆಕೆಂಡ್. ನಾಲ್ಕು ಸೆಕೆಂಡ್ ಬೇಕೆಂದರೆ ನಾಲ್ಕು ಮೀಟರ್ ಕೆಳಗೆ ತೂಗಬೇಕು! ಸಾಲದ್ದಕ್ಕೆ ನಾವು ಸುಮ್ನೆ ಮಲಗಿದ ಸ್ವಲ್ಪ ಹೊತ್ತಿಗೆ ಜೋಲಿಯೂ ನಿಂತುಬಿಡುತ್ತದೆ. ಹಾಗಾಗಿ ತೂಗಾಟ ಹಿತ ಅನ್ನೋಣ, ಅದೇ ಮದ್ದು ಅನ್ನುವುದು ಬೇಡ.

ಇಷ್ಟೆಲ್ಲ ಸರಿಮಾಡಿಕೊಂಡರೂ ಮೊದಲ ರಾತ್ರಿ ನಿದ್ದೆ ಕೈಕೊಡಬಹುದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ವಿಷಯ ಪ್ರಕಟಿಸಿದರು. ಹೊಸ ಜಾಗದಲ್ಲಿ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ, ಸಣ್ಣ ಸದ್ದಿಗೂ ಕಿವಿಗೊಟ್ಟು ಕಾಯುತ್ತದೆ ಅಂತ. ಹೊಸ ಜಾಗ, ಹೊಸ ಹಾಸಿಗೆ ಎರಡೂ ಒಟ್ಟಿಗೆ ಬೇಡ. ಮನೆಯ ಹತ್ತಿರವೇ ನಾಲ್ಕಾರು ಮಧ್ಯಾಹ್ನ ಜೋಲಿ ಕಟ್ಟಿ ಮಲಗಿ ನೋಡಿ. ಮೇಲೆ ಒಣಕೊಂಬೆ ಇಲ್ಲದ ಮರ ಹುಡುಕಿ. ಜೋಲಿಯ ತಳ ಕುರ್ಚಿಯ ಎತ್ತರಕ್ಕಿಂತ ಮೇಲೆ ಹೋಗುವುದು ಬೇಡ. ಬಿದ್ದವನ ಮಾತಿದು, ನಂಬಿ.